ಜಾಲಪುಟಕ್ಕೆ ಗುಪ್ತಪದದ ಬೀಗ: ದರಪಟ್ಟಿಯ ರಕ್ಷಣೆಗೆ ತಿಳಿದಿರಬೇಕಾದ ಸಂಗತಿಗಳು

ವ್ಯಾಪಾರದಲ್ಲಿ ದರಪಟ್ಟಿಗಿರುವ ಮಹತ್ವವನ್ನು ನಮ್ಮ ಸದಸ್ಯ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗ್ರಾಹಕರಿಗೆ ತೋರಿಸುವ ದರ ಒಂದು, ಚಿಲ್ಲರೆ ಅಂಗಡಿಯವರಿಗೆ ಕೊಡುವ ದರ ಮತ್ತೊಂದು, ಪ್ರಧಾನ ವಿತರಕರೊಡನೆ ಕುಳಿತು ಮಾತಾಡಿ ಗೊತ್ತುಪಡಿಸಿದ ದರ ಮಗದೊಂದು. ಹಿಂದೆ ಇಂತಹ ಪಟ್ಟಿಯನ್ನು ಮುದ್ರಿಸಿ, 'ವ್ಯಾಪಾರಸ್ಥರ ಉಪಯೋಗಕ್ಕೆ ಮಾತ್ರ' ಎಂದು ಮೇಲೆ ನಮೂದಿಸಿ, ಮುಚ್ಚಿದ ಲಕೋಟೆಯಲ್ಲಿ ಅಂಚೆಗೆ ಹಾಕುವುದು ವಾಡಿಕೆಯಾಗಿತ್ತು. ಈಗ ಅದೇ ಪಟ್ಟಿಯನ್ನು ಸಂಸ್ಥೆಯ ಜಾಲತಾಣದಲ್ಲಿಯೇ ಇರಿಸುವ ಪದ್ಧತಿ ಬೆಳೆದಿದೆ. ದರ ಬದಲಾದ ದಿನವೇ ಎಲ್ಲ ವಿತರಕರಿಗೂ ಹೊಸ ಪಟ್ಟಿ ದೊರೆಯುತ್ತದೆ; ಮುದ್ರಣದ ಮತ್ತು ಅಂಚೆಯ ವೆಚ್ಚ ಉಳಿಯುತ್ತದೆ. ಆದರೆ ಲಕೋಟೆಯನ್ನು ಅಂಟಿಸಿದಷ್ಟು ಜಾಗರೂಕತೆಯಿಂದ ಜಾಲಪುಟಕ್ಕೆ ಬೀಗ ಹಾಕಲಾಗಿದೆಯೇ ಎಂಬುದನ್ನು ಪರಿಶೀಲಿಸುವವರು ವಿರಳ.

ನೀರೆತ್ತುವ ಪಂಪುಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಅದಕ್ಕೆ 40 ಮಂದಿ ವಿತರಕರಿದ್ದಾರೆ. ತಾಮ್ರದ ಬೆಲೆ ಏರಿಳಿದಂತೆ ಮೋಟಾರಿನ ಸುತ್ತುತಂತಿಯ ವೆಚ್ಚ ಬದಲಾಗುವುದರಿಂದ ಆಗಾಗ ದರಪಟ್ಟಿಯನ್ನು ಪರಿಷ್ಕರಿಸಬೇಕಾಗುತ್ತದೆ. ಕೆಲವರಿಗೆ ಶೇಕಡಾ 22, ಹಳೆಯ ಪ್ರಧಾನ ವಿತರಕರಿಗೆ ಶೇಕಡಾ 28 ರಿಯಾಯಿತಿ. ಈ ಪಟ್ಟಿ ಪ್ರತಿಸ್ಪರ್ಧಿಯ ಕೈಸೇರಿದರೆ ಆತ ಅದೇ ಪ್ರಧಾನ ವಿತರಕರ ಬಳಿ ಹೋಗಿ ಶೇಕಡಾ 30 ಕೊಡಲು ಮುಂದಾಗಬಹುದು. ಅದಕ್ಕಿಂತಲೂ ಕಷ್ಟದ ಸಂಗತಿಯೆಂದರೆ, ಶೇಕಡಾ 22 ಪಡೆಯುತ್ತಿರುವ ವಿತರಕರು ಇನ್ನೊಬ್ಬರ 28ನ್ನು ಕಣ್ಣಾರೆ ಕಾಣುವುದು. ಹೀಗೆ ಕೆಟ್ಟ ಬಾಂಧವ್ಯವನ್ನು ಸರಿಪಡಿಸಲು ವರ್ಷಗಳೇ ಬೇಕಾದೀತು. ಇಂತಹ ಪುಟಗಳನ್ನು ಕಾಯಲು ಕಚೇರಿಯ ಗಣಕಯಂತ್ರದಲ್ಲಿಯೇ ಬಳಸಬಹುದಾದ ತಂತ್ರಾಂಶಗಳು ಯಾವ ಬಗೆಯವು, ಅವುಗಳಲ್ಲಿ ನಂಬತಕ್ಕವು ಯಾವುವು, ಅವುಗಳ ಮಿತಿಗಳೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮರೆಮಾಡುವುದು ಬೀಗವಲ್ಲ

ಅನೇಕರು ಅನುಸರಿಸುವ ಸುಲಭ ಮಾರ್ಗವೆಂದರೆ, ದರಪಟ್ಟಿಯ ಪುಟಕ್ಕೆ ಮುಖಪುಟದಿಂದ ಯಾವ ಕೊಂಡಿಯನ್ನೂ ಕೊಡದೆ, ಅದರ ವಿಳಾಸವನ್ನು ಮಾತ್ರ ವಿತರಕರಿಗೆ ತಿಳಿಸುವುದು. ವಿಳಾಸ ಗೊತ್ತಿಲ್ಲದವರು ಅಲ್ಲಿಗೆ ಬರಲಾರರು ಎಂಬುದು ಇದರ ಹಿಂದಿನ ನಂಬಿಕೆ. ಆದರೆ ವಿಳಾಸವು ಗುಟ್ಟಾಗಿ ಉಳಿಯುವ ವಸ್ತುವಲ್ಲ. ಅದು ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ. ಸಂದೇಶಗಳ ಮೂಲಕ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಯಾರಾದರೂ ಬೇರೊಂದು ಜಾಲತಾಣದಲ್ಲಿ ಆ ಕೊಂಡಿಯನ್ನು ಬರೆದರೆ ಶೋಧಯಂತ್ರಗಳು ಅದನ್ನು ಹಿಂಬಾಲಿಸಿ ಬರುತ್ತವೆ. 'ಪ್ರೈಸ್‌ಲಿಸ್ಟ್', 'ಡೀಲರ್' ಮುಂತಾದ ಹೆಸರುಗಳ ಕಡತಗಳನ್ನು ಊಹೆಯಿಂದಲೇ ತೆರೆದು ನೋಡುವುದು ಯಾರಿಗೂ ಕಷ್ಟವಲ್ಲ.

ಇನ್ನು ಕೆಲವರು 'ರೋಬೋಟ್ಸ್.ಟಿಎಕ್ಸ್‌ಟಿ' ಎಂಬ ಸಣ್ಣ ಕಡತವನ್ನು ನೆಚ್ಚುತ್ತಾರೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅವರು ಸೂಚಿಸಿದ ಈ ವ್ಯವಸ್ಥೆಯಲ್ಲಿ, ಜಾಲತಾಣದ ಯಾವ ಭಾಗಗಳಿಗೆ ಪ್ರವೇಶಿಸಬಾರದೆಂದು ಶೋಧಯಂತ್ರಗಳಿಗೆ ತಿಳಿಸಲಾಗುತ್ತದೆ. ಇದು ಕೇವಲ ವಿನಂತಿ. ಸಭ್ಯವಾದ ಶೋಧಯಂತ್ರಗಳು ಅದನ್ನು ಮನ್ನಿಸುತ್ತವೆ, ಉಳಿದವು ಮನ್ನಿಸಬೇಕೆಂಬ ನಿರ್ಬಂಧವಿಲ್ಲ. 2022ರಲ್ಲಿ ಈ ಪದ್ಧತಿಯನ್ನು ಅಧಿಕೃತ ಮಾನಕವನ್ನಾಗಿ ಪ್ರಕಟಿಸಿದಾಗ, ಇದು ಪ್ರವೇಶವನ್ನು ನಿಯಂತ್ರಿಸುವ ಸಾಧನವಲ್ಲವೆಂದು ಆ ಮಾನಕದಲ್ಲಿಯೇ ಸ್ಪಷ್ಟಪಡಿಸಲಾಯಿತು. ಅಷ್ಟೇ ಅಲ್ಲ, ಈ ಕಡತವನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಗುಟ್ಟಿನ ಪುಟದ ಹೆಸರನ್ನು ಅದರಲ್ಲಿ ಬರೆಯುವುದೆಂದರೆ, ತಿಜೋರಿ ಇರುವ ಕೋಣೆಯನ್ನು ಫಲಕ ಹಾಕಿ ತೋರಿಸಿದಂತಾಗುತ್ತದೆ.

ಪುಟವು ಓದುಗರನ್ನು ತಲುಪುವ ಬಗೆ

ಬೀಗದ ವಿಚಾರವನ್ನು ಅರಿಯಲು ಜಾಲಪುಟವೊಂದು ಹೇಗೆ ಪ್ರಯಾಣಿಸುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕ. ವಿತರಕರು ತಮ್ಮ ಬ್ರೌಸರಿನಲ್ಲಿ ವಿಳಾಸವನ್ನು ಬರೆದಾಗ, ಆ ಬ್ರೌಸರು ನಮ್ಮ ಜಾಲತಾಣವಿರುವ ಸರ್ವರ್‌ಗೆ ಕೋರಿಕೆ ಕಳುಹಿಸುತ್ತದೆ. ಸರ್ವರ್ ಆ ಪುಟದ ಕಡತವನ್ನು ಇಡಿಯಾಗಿ ಕಳುಹಿಸಿಕೊಡುತ್ತದೆ. ಅದನ್ನು ಓದಿ ಅಕ್ಷರ, ಬಣ್ಣ, ಕೋಷ್ಟಕಗಳಾಗಿ ಪರದೆಯ ಮೇಲೆ ಮೂಡಿಸುವುದು ಬ್ರೌಸರಿನ ಕೆಲಸ. ಅಂದರೆ ಪರದೆಯ ಮೇಲೆ ಕಾಣಿಸುವ ಪುಟದ ಪೂರ್ಣ ಕಡತವು ಓದುಗರ ಯಂತ್ರವನ್ನು ಸೇರಿರುತ್ತದೆ. ಯಾವುದೇ ಬ್ರೌಸರಿನಲ್ಲಿ 'ಪುಟದ ಮೂಲವನ್ನು ತೋರಿಸು' ಎಂಬ ಆಯ್ಕೆಯಿಂದ ಆ ಕಡತವನ್ನು ಯಥಾವತ್ತಾಗಿ ಓದಬಹುದು.

ಇದರಿಂದ ಒಂದು ಮುಖ್ಯ ತತ್ತ್ವ ಹೊರಡುತ್ತದೆ. ಬೀಗವನ್ನು ಎರಡೇ ಸ್ಥಳಗಳಲ್ಲಿ ಹಾಕಲು ಸಾಧ್ಯ. ಒಂದೋ ಗುಪ್ತಪದ ಸರಿಯಿದ್ದ ಹೊರತು ಸರ್ವರ್ ಕಡತವನ್ನೇ ಕಳುಹಿಸಬಾರದು. ಅಥವಾ ಕಳುಹಿಸಿದ ಕಡತವು ಗುಪ್ತಪದವಿಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿರಬೇಕು. ಓದಬಲ್ಲ ಕಡತವನ್ನು ಕಳುಹಿಸಿ, ಅನಂತರ ಅದನ್ನು ಬ್ರೌಸರಿನಲ್ಲಿ ಮುಚ್ಚಿಡುವ ಯಾವ ಪ್ರಯತ್ನವೂ ಬೀಗವೆನಿಸಲಾರದು.

ಮೂರು ಬಗೆಯ ತಂತ್ರಾಂಶಗಳು

1990ರ ದಶಕದ ಕೊನೆಯಿಂದಲೂ 'ನಿಮ್ಮ ಜಾಲಪುಟಕ್ಕೆ ಒಂದೇ ನಿಮಿಷದಲ್ಲಿ ಗುಪ್ತಪದ' ಎಂಬ ಭರವಸೆಯೊಡನೆ ಅನೇಕ ತಂತ್ರಾಂಶಗಳು ಮಾರಾಟಕ್ಕೆ ಬಂದಿವೆ. ಅವುಗಳನ್ನು ನಮ್ಮ ಯಂತ್ರದಲ್ಲಿ ಸ್ಥಾಪಿಸಿ, ದರಪಟ್ಟಿಯ ಪುಟವನ್ನು ಆರಿಸಿ, ಗುಪ್ತಪದವನ್ನು ಬೆರಳಚ್ಚಿಸಿದರೆ ಹೊಸದೊಂದು ಕಡತ ಸಿದ್ಧವಾಗುತ್ತದೆ. ಅದನ್ನು ಜಾಲತಾಣಕ್ಕೆ ಏರಿಸಿದರಾಯಿತು. ಹೊರನೋಟಕ್ಕೆ ಇವೆಲ್ಲ ಒಂದೇ ರೀತಿ ಕಂಡರೂ ಒಳಗಿನ ವ್ಯವಸ್ಥೆಯಲ್ಲಿ ಮೂರು ಬಗೆಗಳಿವೆ.

ಮೊದಲನೆಯ ಬಗೆಯವು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ರೂಪುಗೊಂಡ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಪುಟಕ್ಕೆ ಸೇರಿಸುತ್ತವೆ. ಗುಪ್ತಪದ ಸರಿಯಾದರೆ ಪಟ್ಟಿ ಕಾಣಿಸುತ್ತದೆ, ತಪ್ಪಾದರೆ ಇಲ್ಲ. ಆದರೆ ಪಟ್ಟಿಯೂ, ಎಷ್ಟೋ ಸಲ ಸರಿಯಾದ ಗುಪ್ತಪದವೂ ಅದೇ ಕಡತದಲ್ಲಿ ಓದಬಲ್ಲ ಅಕ್ಷರಗಳಲ್ಲಿಯೇ ಇರುತ್ತವೆ. ಪುಟದ ಮೂಲವನ್ನು ತೆರೆದವರಿಗೆ ಎಲ್ಲವೂ ಕಾಣಿಸುತ್ತದೆ.

ಎರಡನೆಯ ಬಗೆಯವು ಕಡತದ ಅಕ್ಷರಗಳನ್ನು ಕಲಸಿ, ನೋಡಿದ ಕೂಡಲೇ ಅರ್ಥವಾಗದ ಸಂಕೇತಗಳನ್ನಾಗಿ ಪರಿವರ್ತಿಸುತ್ತವೆ. ಮೌಸಿನ ಬಲಗುಂಡಿಯನ್ನು ನಿಷ್ಕ್ರಿಯಗೊಳಿಸುವುದು, ಮುದ್ರಣವನ್ನು ತಡೆಯುವುದು ಮುಂತಾದ ಉಪಾಯಗಳೂ ಇವುಗಳಲ್ಲಿರುತ್ತವೆ. ಇಲ್ಲಿ ದೋಷವೇನೆಂದರೆ, ಕಲಸಿದ್ದನ್ನು ಮತ್ತೆ ಬಿಡಿಸುವ ವಿಧಾನವೂ ಅದೇ ಕಡತದಲ್ಲಿ ಇರಲೇಬೇಕು. ಬಿಡಿಸಲು ಗುಪ್ತಪದದ ಅಗತ್ಯವಿಲ್ಲವಾದರೆ, ಸ್ವಲ್ಪ ತಿಳಿವಳಿಕೆಯುಳ್ಳ ಯಾರಾದರೂ ಕೆಲವೇ ನಿಮಿಷಗಳಲ್ಲಿ ಅದನ್ನು ಬಿಡಿಸಬಲ್ಲರು.

ಮೂರನೆಯ ಬಗೆಯವು ಮಾತ್ರ ನಿಜವಾದ ಗೂಢಲಿಪೀಕರಣವನ್ನು ಮಾಡುತ್ತವೆ. ಇವುಗಳಲ್ಲಿ ಗುಪ್ತಪದವು ಬಾಗಿಲಿನಲ್ಲಿ ಕೇಳುವ ಪ್ರಶ್ನೆಯಲ್ಲ, ಬೀಗವನ್ನು ತಿರುಗಿಸುವ ಕೀಲಿಕೈಯೇ ಆಗಿರುತ್ತದೆ. ಕಡತದಲ್ಲಿ ಗುಪ್ತಪದ ಎಲ್ಲಿಯೂ ಇರುವುದಿಲ್ಲ; ಅದಿಲ್ಲದೆ ಪಟ್ಟಿಯ ಒಂದು ಅಂಕಿಯನ್ನೂ ಹೊರತೆಗೆಯಲಾಗದು. ಬೀಗದ ರಚನೆ ಶತ್ರುವಿಗೆ ತಿಳಿದಿದ್ದರೂ ಕೀಲಿಕೈ ಮಾತ್ರ ಗುಟ್ಟಾಗಿದ್ದರೆ ಸಾಕು ಎಂಬುದು ಈ ಶಾಸ್ತ್ರದ ಹಳೆಯ ನಿಯಮ. ಇದನ್ನು 1883ರಲ್ಲಿಯೇ ಆಗಸ್ಟ್ ಕೆರ್ಕಾಫ್ಸ್ ಎಂಬುವರು ಸೈನಿಕ ಗೂಢಲಿಪಿಯನ್ನು ಕುರಿತ ತಮ್ಮ ಲೇಖನದಲ್ಲಿ ಮಂಡಿಸಿದ್ದರು. 'ನಮ್ಮ ವಿಧಾನ ರಹಸ್ಯವಾದುದು, ಆದ್ದರಿಂದ ಭದ್ರವಾದುದು' ಎಂದು ಹೇಳಿಕೊಳ್ಳುವ ತಂತ್ರಾಂಶವನ್ನು ಕೊಳ್ಳದಿರುವುದು ಒಳಿತು.

ನಿಜವಾದ ಬೀಗದ ಒಳರಚನೆ

ಮೂರನೆಯ ಬಗೆಯ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎಇಎಸ್ ಎಂಬ ಗೂಢಲಿಪಿ. ಬೆಲ್ಜಿಯಂ ದೇಶದ ಜೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಅವರು ರಚಿಸಿದ ಇದನ್ನು ಅಮೆರಿಕೆಯ ಮಾನಕ ಸಂಸ್ಥೆಯು 2001ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಡಿಇಎಸ್ ಗೂಢಲಿಪಿಯ ಕೀಲಿಕೈ 56 ಬಿಟ್‌ಗಳಷ್ಟೇ ಇತ್ತು. 1998ರಲ್ಲಿ ಅದಕ್ಕೆಂದೇ ನಿರ್ಮಿಸಿದ ಯಂತ್ರವೊಂದು ಸಾಧ್ಯವಿರುವ ಕೀಲಿಕೈಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ 56 ಗಂಟೆಗಳಲ್ಲಿ ಅದನ್ನು ಭೇದಿಸಿತು. ಎಇಎಸ್‌ನ ಕೀಲಿಕೈ 128, 192 ಅಥವಾ 256 ಬಿಟ್‌ಗಳಷ್ಟು ಉದ್ದವಾಗಿರುವುದರಿಂದ ಆ ಮಾರ್ಗದಿಂದ ಭೇದಿಸುವುದು ಸಾಧ್ಯವಾಗಿಲ್ಲ.

ಆದರೆ ನಾವು ಬೆರಳಚ್ಚಿಸುವ ಗುಪ್ತಪದ ಅಷ್ಟು ಉದ್ದವಾಗಿರುವುದಿಲ್ಲ. ಆದಕಾರಣ ತಂತ್ರಾಂಶವು ಗುಪ್ತಪದದೊಡನೆ 'ಸಾಲ್ಟ್' ಎನ್ನುವ ಯಾದೃಚ್ಛಿಕ ಅಂಕಿಗಳನ್ನು ಬೆರೆಸಿ, ಒಂದೇ ಲೆಕ್ಕವನ್ನು ಲಕ್ಷಾಂತರ ಬಾರಿ ಪುನರಾವರ್ತಿಸಿ, ಬಂದ ಫಲವನ್ನು ಕೀಲಿಕೈಯಾಗಿ ಬಳಸುತ್ತದೆ. ಇದಕ್ಕಾಗಿ 2000ದಲ್ಲಿ ಪ್ರಕಟವಾದ ಪಿಬಿಕೆಡಿಎಫ್2 ಎಂಬ ವಿಧಾನ ವ್ಯಾಪಕವಾಗಿ ಬಳಕೆಯಲ್ಲಿದೆ. ಸರಿಯಾದ ಗುಪ್ತಪದವನ್ನು ಒಮ್ಮೆ ಕೊಡುವ ವಿತರಕರಿಗೆ ಈ ಪುನರಾವರ್ತನೆಯಿಂದಾಗುವ ವಿಳಂಬ ಗಮನಕ್ಕೂ ಬರುವುದಿಲ್ಲ. ಕೋಟಿಗಟ್ಟಲೆ ಗುಪ್ತಪದಗಳನ್ನು ಊಹಿಸಿ ಪರೀಕ್ಷಿಸಹೊರಟವರಿಗೆ ಮಾತ್ರ ಪ್ರತಿ ಊಹೆಗೂ ಆ ವಿಳಂಬದ ದಂಡ ತಗಲುತ್ತದೆ.

ಈ ಲೆಕ್ಕಗಳನ್ನು ಮಾಡುವ ಸಾಮರ್ಥ್ಯ ಈಗ ಬ್ರೌಸರುಗಳಲ್ಲಿಯೇ ಇದೆ. ಇದರ ಮಾನಕವನ್ನು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಒಕ್ಕೂಟವು 2017ರಲ್ಲಿ ಅಂತಿಮಗೊಳಿಸಿತು. ಆದ್ದರಿಂದ ವಿತರಕರು ತಮ್ಮ ಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ಬೇರಾವ ತಂತ್ರಾಂಶವನ್ನೂ ಸ್ಥಾಪಿಸಬೇಕಾಗಿಲ್ಲ. ಈ ಬಗೆಯ ಸಾಧನಗಳಿಗೆ ಒಂದು ಉದಾಹರಣೆ 'ಸ್ಟ್ಯಾಟಿಕ್ರಿಪ್ಟ್'. ಇದು ಉಚಿತ, ಇದರ ಮೂಲ ಸಂಕೇತಗಳನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ನೋಡ್.ಜೆಎಸ್ ಎಂಬ ಆಧಾರ ತಂತ್ರಾಂಶವನ್ನು ನಮ್ಮ ಗಣಕಯಂತ್ರದಲ್ಲಿ ಸ್ಥಾಪಿಸಿಕೊಂಡು, ಆದೇಶವೊಂದನ್ನು ಬೆರಳಚ್ಚಿಸಿ ಇದನ್ನು ನಡೆಸಬೇಕು. ಇದು 256 ಬಿಟ್‌ಗಳ ಎಇಎಸ್ ಗೂಢಲಿಪಿಯನ್ನೂ 6 ಲಕ್ಷ ಪುನರಾವರ್ತನೆಗಳ ಪಿಬಿಕೆಡಿಎಫ್2 ವಿಧಾನವನ್ನೂ ಬಳಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅಂತರ್ಜಾಲದಲ್ಲಿ 'ನಿಮ್ಮ ಪುಟವನ್ನು ಇಲ್ಲಿಗೆ ಏರಿಸಿ, ಬೀಗ ಹಾಕಿ ಕೊಡುತ್ತೇವೆ' ಎನ್ನುವ ತಾಣಗಳೂ ಇವೆ. ಗುರುತಿಲ್ಲದವರ ತಾಣಕ್ಕೆ ದರಪಟ್ಟಿಯನ್ನೂ ಗುಪ್ತಪದವನ್ನೂ ಒಟ್ಟಿಗೆ ಒಪ್ಪಿಸುವುದು ವಿವೇಕವಲ್ಲ. ಬೀಗ ಹಾಕುವ ಕೆಲಸ ನಮ್ಮ ಕಚೇರಿಯ ಯಂತ್ರದಲ್ಲಿಯೇ ಮುಗಿಯಬೇಕು, ಹೊರಗೆ ಹೋಗುವುದು ಗೂಢಲಿಪಿಯ ಕಡತ ಮಾತ್ರವಾಗಿರಬೇಕು. ಗಣಕಯಂತ್ರದ ತಂತ್ರಾಂಶದಿಂದ ಆಗುವ ಮುಖ್ಯ ಪ್ರಯೋಜನವೇ ಇದು.

ಗುಪ್ತಪದದ ಬಲ: ಒಂದು ಸರಳ ಲೆಕ್ಕ

ಗೂಢಲಿಪಿಯ ಕಡತವನ್ನು ಪ್ರತಿಸ್ಪರ್ಧಿ ತನ್ನ ಯಂತ್ರಕ್ಕೆ ಇಳಿಸಿಕೊಂಡು, ಬಿಡುವಿನಲ್ಲಿ ಗುಪ್ತಪದಗಳನ್ನು ಊಹಿಸುತ್ತ ಕೂರಬಹುದು. ಮೂರು ಬಾರಿ ತಪ್ಪಿದರೆ ಬಾಗಿಲು ಮುಚ್ಚುವ ವ್ಯವಸ್ಥೆ ಇಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಎಲ್ಲ ಭದ್ರತೆಯೂ ಗುಪ್ತಪದದ ಬಲವನ್ನೇ ಅವಲಂಬಿಸಿದೆ.

ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ 6 ಅಕ್ಷರಗಳ ಗುಪ್ತಪದಗಳನ್ನು 30,89,15,776 ರೀತಿಯಲ್ಲಿ ರಚಿಸಬಹುದು. 8 ಅಕ್ಷರಗಳಾದರೆ ಈ ಸಂಖ್ಯೆ ಸುಮಾರು 20,882 ಕೋಟಿ. ಸೆಕೆಂಡಿಗೆ 100 ಕೋಟಿ ಲೆಕ್ಕಗಳನ್ನು ಮಾಡುವ ಯಂತ್ರವೊಂದಿದೆಯೆಂದು ಇಟ್ಟುಕೊಳ್ಳೋಣ. ಇದಕ್ಕೂ ಹೆಚ್ಚಿನ ವೇಗ ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಸಾಧ್ಯ. ಒಂದು ಊಹೆಗೆ ಒಂದೇ ಲೆಕ್ಕ ಸಾಕಾಗುವ ದುರ್ಬಲ ತಂತ್ರಾಂಶದಲ್ಲಿ, 6 ಅಕ್ಷರಗಳ ಎಲ್ಲ ಗುಪ್ತಪದಗಳನ್ನೂ ಪರೀಕ್ಷಿಸಲು ಅರ್ಧ ಸೆಕೆಂಡೂ ಬೇಕಿಲ್ಲ. 8 ಅಕ್ಷರಗಳಿಗೆ ಸುಮಾರು ಮೂರೂವರೆ ನಿಮಿಷ. ಅದೇ ಯಂತ್ರ ಪ್ರತಿ ಊಹೆಗೂ 6 ಲಕ್ಷ ಲೆಕ್ಕಗಳನ್ನು ಮಾಡಬೇಕಾಗಿ ಬಂದರೆ, 6 ಅಕ್ಷರಗಳಿಗೆ ಎರಡು ದಿನಕ್ಕಿಂತ ತುಸು ಹೆಚ್ಚು, 8 ಅಕ್ಷರಗಳಿಗೆ ಸುಮಾರು 4 ವರ್ಷ ಹಿಡಿಯುತ್ತದೆ. ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಈ ಅವಧಿ ಕಡಿಮೆಯಾಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಈ ಲೆಕ್ಕವೂ ಅಕ್ಷರಗಳನ್ನು ಯಾವ ಅರ್ಥವೂ ಇಲ್ಲದಂತೆ ಆರಿಸಿದಾಗ ಮಾತ್ರ ಸಲ್ಲುತ್ತದೆ. ಮಾಲೀಕರ ಹೆಸರು, ಮನೆದೇವರ ಹೆಸರು, ಸಂಸ್ಥೆಯ ಹೆಸರಿನ ಮುಂದೆ '123' ಅಥವಾ ಈ ವರ್ಷದ ಅಂಕಿ, ಇವೆಲ್ಲ ಊಹೆಯ ಪಟ್ಟಿಯ ಮೊದಲ ಸಾಲುಗಳಲ್ಲಿಯೇ ಇರುತ್ತವೆ. ಉತ್ತಮ ಉಪಾಯವೆಂದರೆ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ದಾಳ ಎಸೆದು ಆರಿಸುವುದು. ದಾಳವನ್ನು ಐದು ಬಾರಿ ಎಸೆದರೆ 7,776 ಬಗೆಯ ಫಲಗಳು ಸಾಧ್ಯ. ಅಷ್ಟು ಪದಗಳ ಪಟ್ಟಿಯಿಂದ ಪ್ರತಿ ಬಾರಿಯೂ ಒಂದು ಪದವನ್ನು ಆರಿಸುವ ಈ ವಿಧಾನ 1995ರಿಂದ 'ಡೈಸ್‌ವೇರ್' ಎಂಬ ಹೆಸರಿನಿಂದ ಪ್ರಚಾರದಲ್ಲಿದೆ. ಹೀಗೆ ಆರಿಸಿದ ನಾಲ್ಕು ಪದಗಳ ಗುಪ್ತಪದವನ್ನು ಮೇಲೆ ಹೇಳಿದ ಯಂತ್ರ ಪೂರ್ತಿಯಾಗಿ ಶೋಧಿಸಲು ಸುಮಾರು 69,000 ವರ್ಷಗಳು ಬೇಕು. 'ಕೊಡೆ ನವಿಲು ಸುತ್ತಿಗೆ ಪಡುವಲ' ಎಂಬಂತಹ ಗುಪ್ತಪದವನ್ನು ದೂರವಾಣಿಯಲ್ಲಿ ಹೇಳುವುದೂ ಸುಲಭ, ನೆನಪಿಡುವುದೂ ಸುಲಭ. ಮೊಬೈಲಿನಿಂದ ಮೊಬೈಲಿಗೆ ಕನ್ನಡ ಕೀಲಿಮಣೆಗಳು ಬೇರೆಯಾಗಿರುವುದರಿಂದ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಕಾಗುಣಿತವನ್ನು ಮೊದಲೇ ಗೊತ್ತುಪಡಿಸುವುದು ಅನುಕೂಲಕರ.

ಮಿತಿಗಳು

ಸರಿಯಾದ ತಂತ್ರಾಂಶವನ್ನೇ ಬಳಸಿದರೂ ಈ ಕೆಳಗಿನ ಮಿತಿಗಳನ್ನು ಅರಿತಿರಬೇಕು.

1. ಬೀಗ ಬೀಳುವುದು ಆ ಒಂದು ಪುಟದ ಅಕ್ಷರಗಳಿಗೆ ಮಾತ್ರ. ಪುಟದಿಂದ ಕೊಂಡಿ ಕೊಟ್ಟ ಪಿಡಿಎಫ್, ಎಕ್ಸೆಲ್ ಕಡತಗಳು ಮತ್ತು ಚಿತ್ರಗಳು ಸರ್ವರ್‌ನಲ್ಲಿ ತೆರೆದೇ ಇರುತ್ತವೆ. ಆದ್ದರಿಂದ ದರಗಳನ್ನು ಪುಟದೊಳಗೇ ಕೋಷ್ಟಕವಾಗಿ ಬರೆಯಬೇಕು. ಎಕ್ಸೆಲ್ ಕಡತವೇ ಬೇಕೆಂದಾದರೆ ಕಡತವನ್ನು ತೆರೆಯುವುದಕ್ಕೇ ಗುಪ್ತಪದವನ್ನು ಹಾಕಬೇಕು. ಎಕ್ಸೆಲ್‌ನಲ್ಲಿ 'ಹಾಳೆಯ ರಕ್ಷಣೆ' ಎಂಬುದು ಅಂಕಿಗಳನ್ನು ತಿದ್ದದಂತೆ ತಡೆಯುವ ಅನುಕೂಲವಷ್ಟೇ, ಅದು ಗೂಢಲಿಪಿಯಲ್ಲ.

2. ಒಂದು ಕಡತಕ್ಕೆ ಒಂದೇ ಗುಪ್ತಪದ. ನಲವತ್ತು ಮಂದಿಗೂ ಅದನ್ನೇ ಕೊಟ್ಟರೆ, ಒಬ್ಬರನ್ನು ಕೈಬಿಟ್ಟಾಗ ಉಳಿದ ಮೂವತ್ತೊಂಬತ್ತು ಮಂದಿಗೂ ಹೊಸ ಗುಪ್ತಪದವನ್ನು ತಿಳಿಸಬೇಕು.

3. ಹಳೆಯ ಕಡತವನ್ನು ಇಳಿಸಿಕೊಂಡವರು ಹಳೆಯ ಗುಪ್ತಪದದಿಂದ ಅದನ್ನು ಎಂದೆಂದಿಗೂ ತೆರೆಯಬಲ್ಲರು. ಗುಪ್ತಪದವನ್ನು ಬದಲಿಸಿದರೆ ಹೊಸ ಪಟ್ಟಿಗೆ ಮಾತ್ರ ರಕ್ಷಣೆ.

4. ಯಾರು, ಯಾವಾಗ ತೆರೆದರೆಂಬ ದಾಖಲೆ ಇರುವುದಿಲ್ಲ. ಪಟ್ಟಿಯನ್ನು ತೆರೆದ ವಿತರಕರು ಪರದೆಯ ಚಿತ್ರ ತೆಗೆದು ಮುಂದಕ್ಕೆ ಕಳುಹಿಸುವುದನ್ನು ಯಾವ ತಂತ್ರಾಂಶವೂ ತಡೆಯಲಾರದು.

5. ಬೀಗ ಹಾಕುವ ಮೊದಲು ಪುಟವು ಬಹಳ ಕಾಲ ತೆರೆದಿದ್ದರೆ, ಅದರ ಪ್ರತಿಗಳು ಶೋಧಯಂತ್ರಗಳಲ್ಲಿಯೂ, 1996ರಿಂದ ಜಾಲಪುಟಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಉಳಿದಿರಬಹುದು. ಅಂತಹ ದರಗಳು ಈಗಾಗಲೇ ಬಹಿರಂಗವಾಗಿವೆ ಎಂದೇ ಭಾವಿಸಿ ಮುಂದಿನ ಹೆಜ್ಜೆ ಇಡಬೇಕು.

ಸರ್ವರ್‌ನಲ್ಲಿಯೇ ಬೀಗ

ಮೇಲಿನ ಎರಡನೆಯ ಮತ್ತು ನಾಲ್ಕನೆಯ ಮಿತಿಗಳಿಗೆ ಬಹುಮಟ್ಟಿನ ಪರಿಹಾರ ಸರ್ವರ್‌ನಲ್ಲಿ ದೊರೆಯುತ್ತದೆ. ಕಡತಕೋಶವೊಂದಕ್ಕೆ ಹೆಸರು ಮತ್ತು ಗುಪ್ತಪದವನ್ನು ಕೇಳುವ ವ್ಯವಸ್ಥೆ 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಾವಳಿಯಲ್ಲಿಯೇ ಇದೆ. ಅಪಾಚೆ ಸರ್ವರ್‌ನಲ್ಲಿ ಇದನ್ನು 'ಎಚ್‌ಟಿಆಕ್ಸೆಸ್' ಮತ್ತು 'ಎಚ್‌ಟಿಪಾಸ್‌ವರ್ಡ್' ಎಂದು ಕರೆಯಬಹುದಾದ ಎರಡು ಕಡತಗಳ ಮೂಲಕ ಜಾರಿಗೊಳಿಸಲಾಗುತ್ತದೆ. ಮೊದಲನೆಯದು ಬೀಗ ಎಲ್ಲಿರಬೇಕೆಂದು ತಿಳಿಸುತ್ತದೆ. ಎರಡನೆಯದರಲ್ಲಿ ವಿತರಕರ ಹೆಸರುಗಳೂ ಅವರ ಗುಪ್ತಪದಗಳ ಪರಿವರ್ತಿತ ರೂಪಗಳೂ ಇರುತ್ತವೆ. ಈ ಎರಡನೆಯ ಕಡತವನ್ನು ನಮ್ಮ ಯಂತ್ರದಲ್ಲಿಯೇ ಸಿದ್ಧಪಡಿಸುವ ಸಾಧನ ಅಪಾಚೆಯೊಡನೆ ಬರುತ್ತದೆ. ಅದರಲ್ಲಿ 1999ರಲ್ಲಿ ಪ್ರಕಟವಾದ 'ಬಿಕ್ರಿಪ್ಟ್' ವಿಧಾನವನ್ನು ಆರಿಸಿಕೊಳ್ಳುವುದು ಉತ್ತಮ. ಈ ಕಡತವನ್ನು ಸಾರ್ವಜನಿಕರಿಗೆ ಕಾಣುವ ಕಡತಕೋಶದ ಹೊರಗೆ ಇರಿಸಬೇಕು. ಜಾಲತಾಣದ ಸ್ಥಳವನ್ನು ಬಾಡಿಗೆಗೆ ಪಡೆದವರು, ಸಿಪ್ಯಾನೆಲ್ ಸೌಲಭ್ಯವಿದ್ದರೆ ಅಲ್ಲಿರುವ 'ಡೈರೆಕ್ಟರಿ ಪ್ರೈವಸಿ' ಎಂಬ ಆಯ್ಕೆಯಿಂದ ಇದೇ ಕೆಲಸವನ್ನು ಸುಲಭವಾಗಿ ಮಾಡಬಹುದು.

ಈ ವಿಧಾನದಲ್ಲಿ ಪ್ರತಿ ವಿತರಕರಿಗೂ ಪ್ರತ್ಯೇಕ ಹೆಸರು, ಗುಪ್ತಪದ ಕೊಡಬಹುದು. ಒಬ್ಬರನ್ನು ಮಾತ್ರ ತೆಗೆದುಹಾಕಬಹುದು. ಕೋಶದಲ್ಲಿರುವ ಪಿಡಿಎಫ್, ಚಿತ್ರ ಎಲ್ಲಕ್ಕೂ ರಕ್ಷಣೆ ದೊರೆಯುತ್ತದೆ. ಯಾವ ಹೆಸರಿನಿಂದ ಪ್ರವೇಶವಾಯಿತೆಂಬುದು ಸರ್ವರ್‌ನ ದಾಖಲೆಯಲ್ಲಿ ಉಳಿಯುತ್ತದೆ. ಆದರೆ ಬ್ರೌಸರು ಪ್ರತಿ ಕೋರಿಕೆಯೊಡನೆಯೂ ಗುಪ್ತಪದವನ್ನು ಯಾರಾದರೂ ಬಿಡಿಸಬಲ್ಲ ಸರಳ ಸಂಕೇತದಲ್ಲಿ ಕಳುಹಿಸುವುದರಿಂದ, ಜಾಲತಾಣವು ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿಯೇ ಇರುವುದು ಅನಿವಾರ್ಯ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು 'ಲೆಟ್ಸ್ ಎನ್‌ಕ್ರಿಪ್ಟ್' ಸಂಸ್ಥೆಯು 2015ರ ಡಿಸೆಂಬರ್‌ನಿಂದ ಸಾರ್ವಜನಿಕರಿಗೆ ಉಚಿತವಾಗಿ ಕೊಡುತ್ತಿರುವುದರಿಂದ ವೆಚ್ಚದ ನೆಪ ಈಗ ಉಳಿದಿಲ್ಲ. ಮೊದಲು ಹೇಳಿದ ಗೂಢಲಿಪಿಯ ಪುಟಗಳಿಗೂ ಎಚ್‌ಟಿಟಿಪಿಎಸ್ ಅವಶ್ಯಕವೇ. ಇಲ್ಲವಾದಲ್ಲಿ ಮಾರ್ಗಮಧ್ಯದಲ್ಲಿ ಪುಟವನ್ನೇ ಬದಲಿಸಿ ಗುಪ್ತಪದವನ್ನು ಕದಿಯುವ ಅವಕಾಶವಿರುತ್ತದೆ.

ಹಾಗಾದರೆ ಯಾವುದು ಯಾರಿಗೆ? ಸರ್ವರ್‌ನ ವ್ಯವಸ್ಥೆಗಳನ್ನು ಬದಲಿಸುವ ಅಧಿಕಾರವಿರುವವರಿಗೆ, ವಿತರಕರ ಸಂಖ್ಯೆ ಹೆಚ್ಚಿರುವವರಿಗೆ ಸರ್ವರ್‌ನ ಬೀಗವೇ ಮೇಲು. ಕೇವಲ ಪುಟಗಳನ್ನು ಏರಿಸಲು ಮಾತ್ರ ಅವಕಾಶ ಕೊಡುವ ಸರಳ ತಾಣಗಳಲ್ಲಿ ಜಾಲತಾಣವನ್ನಿಟ್ಟವರಿಗೆ, ಒಂದೆರಡು ಪುಟಗಳ ದರಪಟ್ಟಿ ಮಾತ್ರ ಇರುವವರಿಗೆ ಗಣಕಯಂತ್ರದ ಗೂಢಲಿಪಿ ತಂತ್ರಾಂಶ ಸಾಕಾಗುತ್ತದೆ. ಸರ್ವರ್‌ನ ನಿರ್ವಾಹಕರಿಗೂ ದರಗಳು ತಿಳಿಯಬಾರದೆಂದಿದ್ದರೆ ಗೂಢಲಿಪಿಯ ಪುಟವೇ ಯೋಗ್ಯ.

ಅನುಸರಿಸಬಹುದಾದ ಕ್ರಮ

ನಮ್ಮ ಉದಾಹರಣೆಯ ಪಂಪು ತಯಾರಕರು ಹೀಗೆ ನಡೆದುಕೊಳ್ಳಬಹುದು. ಮೊದಲು ವಿತರಕರನ್ನು ರಿಯಾಯಿತಿಯ ಪ್ರಕಾರ ಮೂರು ವರ್ಗಗಳನ್ನಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ಅದರ ದರ ಮಾತ್ರ ಇರುವ ಪ್ರತ್ಯೇಕ ಪುಟವನ್ನು ಸಿದ್ಧಪಡಿಸಬೇಕು. ಒಂದೇ ಪುಟದಲ್ಲಿ ಎಲ್ಲರ ದರಗಳನ್ನೂ ಇಡದಿರುವುದೇ ಮೊದಲ ರಕ್ಷಣೆ. ಅನಂತರ ಮೂರಕ್ಕೂ ಬೇರೆ ಬೇರೆ ಗುಪ್ತಪದಗಳಿಂದ ಬೀಗ ಹಾಕಬೇಕು. ಹೀಗೆ ಮಾಡಿದರೆ ಒಂದು ಗುಪ್ತಪದ ಸೋರಿದರೂ ಉಳಿದೆರಡು ವರ್ಗಗಳಿಗೆ ಧಕ್ಕೆಯಿಲ್ಲ; ಸೋರಿದ್ದು ಯಾವ ವರ್ಗದಿಂದ ಎಂಬುದೂ ತಿಳಿಯುತ್ತದೆ. ವಿಳಾಸವನ್ನು ಮಿಂಚಂಚೆಯಲ್ಲಿ ಕಳುಹಿಸಿದರೆ ಗುಪ್ತಪದವನ್ನು ದೂರವಾಣಿಯಲ್ಲಿ ತಿಳಿಸಬೇಕು. ಎರಡನ್ನೂ ಒಂದೇ ಸಂದೇಶದಲ್ಲಿ ಕೂಡಿಸಬಾರದು. ದರ ಪರಿಷ್ಕರಣೆಯಾದಾಗಲೆಲ್ಲ ಗುಪ್ತಪದವನ್ನೂ ಬದಲಿಸುವ ರೂಢಿ ಒಳ್ಳೆಯದು. ಬೀಗವಿಲ್ಲದ ಮೂಲ ಕಡತ ಕಚೇರಿಯಲ್ಲಿಯೇ ಉಳಿಯಬೇಕು. ಗೂಢಲಿಪಿಯ ಕಡತದ ಬದಲು ಮೂಲ ಕಡತವನ್ನೇ ತಪ್ಪಾಗಿ ಏರಿಸಿಬಿಡುವ ಸಂಭವವಿರುವುದರಿಂದ ಎರಡನ್ನೂ ಬೇರೆ ಬೇರೆ ಕೋಶಗಳಲ್ಲಿಡಬೇಕು.

ಜಾಲತಾಣಕ್ಕೆ ಏರಿಸಿದ ಮೇಲೆ ಈ ನಾಲ್ಕು ಪರೀಕ್ಷೆಗಳನ್ನು ಮಾಡಿನೋಡಬೇಕು. ಇವುಗಳಿಗೆ ತಾಂತ್ರಿಕ ಪರಿಣತಿ ಬೇಕಿಲ್ಲ.

1. ಪುಟದ ಮೂಲವನ್ನು ತೆರೆದು, ಸರಕಿನ ಒಂದು ಹೆಸರನ್ನೋ ಒಂದು ದರವನ್ನೋ ಹುಡುಕಬೇಕು. ಸಿಕ್ಕಿದರೆ ಬೀಗ ಸುಳ್ಳು.

2. ಅಲ್ಲಿಯೇ ಗುಪ್ತಪದವನ್ನು ಹುಡುಕಬೇಕು. ಅದೂ ಸಿಗಬಾರದು.

3. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಬೇಕು. ದರಗಳು ಕಾಣಿಸಬಾರದು.

4. ಪುಟದಲ್ಲಿರುವ ಚಿತ್ರ ಮತ್ತು ಕಡತಗಳ ವಿಳಾಸಗಳನ್ನು ಬೇರೊಂದು ಮೊಬೈಲಿನಲ್ಲಿ ನೇರವಾಗಿ ಬರೆದು ತೆರೆಯಲು ಯತ್ನಿಸಬೇಕು. ತೆರೆದುಕೊಂಡರೆ ಅವುಗಳಿಗೆ ರಕ್ಷಣೆಯಿಲ್ಲ ಎಂದರ್ಥ.

ಜಾಲತಾಣವನ್ನು ರೂಪಿಸಿಕೊಟ್ಟವರು ಎಷ್ಟೇ ಭರವಸೆಯಿತ್ತರೂ ಮಾಲೀಕರು ಖುದ್ದಾಗಿ ಈ ಪರೀಕ್ಷೆಗಳನ್ನು ನಡೆಸತಕ್ಕದ್ದು. ಇವಕ್ಕೆ ಹದಿನೈದು ನಿಮಿಷ ಸಾಕು.

ಕಾನೂನಿನ ಪಾತ್ರ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಮತ್ತೊಬ್ಬರ ಗಣಕಯಂತ್ರ ವ್ಯವಸ್ಥೆಯನ್ನು ಪ್ರವೇಶಿಸಿ ಮಾಹಿತಿ ಪಡೆಯುವವರು ಪರಿಹಾರ ಕೊಡಲು ಬದ್ಧರು. ಅಂತಹ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದಲ್ಲಿ 66ನೇ ಕಲಮಿನ ಮೇರೆಗೆ ಮೂರು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಆದರೆ ಎಲ್ಲರಿಗೂ ತೆರೆದಿಟ್ಟ ಪುಟವನ್ನು ಓದಿದವರ ವಿರುದ್ಧ ಅನುಮತಿಯಿಲ್ಲದ ಪ್ರವೇಶವೆಂದು ವಾದಿಸುವುದು ಕಷ್ಟ. ನಿಜವಾದ ಬೀಗವಿದ್ದರೆ, ಅದನ್ನು ಮುರಿದವರ ಉದ್ದೇಶವನ್ನು ತೋರಿಸಲು ಅನುಕೂಲವಾಗುತ್ತದೆ.

ನಮ್ಮ ಹೊಣೆಯೂ ಇದೆ. ಪುಟದಲ್ಲಿ ದರಗಳಷ್ಟೇ ಅಲ್ಲದೆ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ, ಬಾಕಿ ಮೊತ್ತ ಮುಂತಾದ ವೈಯಕ್ತಿಕ ವಿವರಗಳಿದ್ದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವಿಚಾರ ಬರುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಯುಕ್ತ ರಕ್ಷಣಾ ಕ್ರಮಗಳನ್ನು ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಇಂತಹ ವಿವರಗಳನ್ನು ಹಂಚಿಕೊಂಡ ಒಂದೇ ಗುಪ್ತಪದದ ಪುಟದಲ್ಲಿ ಇಡಲೇಬಾರದು.

ಕೊನೆಯ ಮಾತು

ಜಾಲಪುಟದ ಬೀಗಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಮೇಲೆ ಹೇಳಿದ ಸಾಧನಗಳಲ್ಲಿ ಹೆಚ್ಚಿನವು ಉಚಿತವಾಗಿಯೇ ದೊರೆಯುತ್ತವೆ. ಬೇಕಾಗಿರುವುದು ಸುಳ್ಳು ಬೀಗವನ್ನೂ ನಿಜವಾದ ಬೀಗವನ್ನೂ ಗುರುತಿಸುವ ತಿಳಿವಳಿಕೆ ಮತ್ತು ದರ ಬದಲಾದಾಗಲೆಲ್ಲ ಗುಪ್ತಪದವನ್ನೂ ಬದಲಿಸುವ ಶಿಸ್ತು. ಸುಳ್ಳು ಬೀಗದಿಂದ ಆಗುವ ಹಾನಿ ಬೀಗವಿಲ್ಲದಿರುವುದಕ್ಕಿಂತಲೂ ಹೆಚ್ಚು. ಏಕೆಂದರೆ ಬೀಗವಿದೆಯೆಂಬ ನೆಚ್ಚಿಕೆಯಿಂದ, ತೆರೆದ ಪುಟದಲ್ಲಿ ಎಂದೂ ಬರೆಯದಿದ್ದ ಗುಟ್ಟಿನ ದರಗಳನ್ನೂ ಅಲ್ಲಿ ಬರೆದಿರುತ್ತೇವೆ. ಆದ್ದರಿಂದ ಸದಸ್ಯರು ತಮ್ಮ ಜಾಲತಾಣದಲ್ಲಿ ಈಗಿರುವ ದರಪಟ್ಟಿಯ ಪುಟವನ್ನು ಇಂದೇ ತೆರೆದು, ಮೇಲಿನ ನಾಲ್ಕು ಪರೀಕ್ಷೆಗಳಿಗೆ ಒಳಪಡಿಸಬೇಕೆಂದು ವಿನಂತಿ.